ಹೊಳೆ ದಾಟುವಾಗ ಮೊದಲ ಪಾಳಿ ಯಾರದು?

ದೀಪಾವಳಿ ಪಾಡ್ಯ ಮುಗಿದ ಮರುದಿನ ಸಂಜೆ ಕುಷ್ಟಗಿ ಬಸ್ ನಿಲ್ದಾಣದಲ್ಲಿ ನಿಂತರೆ ಸೀಟು ಹಿಡಿಯುವ ಎಲ್ಲ ಪಟ್ಟುಗಳೂ ನೋಡಸಿಗುತ್ತವೆ. ಬೆಂಗಳೂರು ಬಸ್ಸು ಇನ್ನೂ ಗೇಟಿನ ತಿರುವಿನಲ್ಲಿ ಇರುವಾಗಲೇ ಹುಡುಗರು ಅದರ ಜೊತೆ ಓಡುತ್ತಾರೆ. ಕಿಟಕಿಯಿಂದ ಮೊದಲು ಟವೆಲ್ಲು, ಆಮೇಲೆ ನೀರಿನ ಬಾಟಲಿ, ಏನೂ ಇಲ್ಲದಿದ್ದರೆ ಕೂಸಿನ ಕುಲಾಯಿ ಒಳಗೆ ಬೀಳುತ್ತದೆ. ಹಿಂದೆ ಕಟಕ ರೊಟ್ಟಿ, ಶೇಂಗಾ ಹಿಂಡಿ ತುಂಬಿದ ಚೀಲ ಹೊತ್ತ ಹೆಂಗಸರು. ‘ಏ ತಮ್ಮಾ, ಅದು ನಮ್ಮ ಟವೆಲ್ ಐತೋ’ ಎಂದು ಒಬ್ಬಾಕೆ ಕೂಗುವ ಹೊತ್ತಿಗೆ ಮೊಬೈಲು ಎತ್ತಿ ಹಿಡಿದ ಇನ್ನೊಬ್ಬ ಬಂದು, ಆ ಸೀಟನ್ನು ತಾನು ತಿಂಗಳ ಹಿಂದೆಯೇ ಬುಕ್ ಮಾಡಿದ್ದೇನೆ ಅನ್ನುತ್ತಾನೆ. ಟವೆಲ್ಲು ಸೋಲುತ್ತದೆ. ಕಂಡಕ್ಟರನಿಗೆ ಬೇರೆ ದಾರಿಯೂ ಇಲ್ಲ, ಟಿಕೆಟ್ಟು ಟಿಕೆಟ್ಟೇ.

ನಮ್ಮ ಬಸ್ಸುಗಳಲ್ಲಿ ಮೀಸಲು ಹೊಸದೇನಲ್ಲ. ಮಹಿಳೆಯರಿಗೆ, ಅಂಗವಿಕಲರಿಗೆ, ಹಿರಿಯ ನಾಗರಿಕರಿಗೆ ಎಂದು ಸೀಟಿನ ಮೇಲೆ ಬರೆದಿರುತ್ತದೆ. ಶಾಸಕರಿಗೆ ಎಂದು ಬರೆದ ಸೀಟುಗಳೂ ಇದ್ದವು. ಅಲ್ಲಿ ಶಾಸಕರು ಕೂತದ್ದನ್ನು ಕಂಡವರು ಸಿಕ್ಕರೆ ಸನ್ಮಾನ ಮಾಡಬಹುದು. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದಾಗ ಸಾಮಾನ್ಯ ಬಸ್ಸುಗಳಲ್ಲಿ ಅರ್ಧ ಸೀಟು ಗಂಡಸರಿಗೆ ಮೀಸಲು ಎಂದು ಸರ್ಕಾರವೇ ಹೇಳಬೇಕಾಯಿತು. ಆದರೆ ಇಷ್ಟೆಲ್ಲ ಪಟ್ಟಿಯಲ್ಲಿ ‘ಬೇರೆ ದಾರಿ ಇಲ್ಲದವರಿಗೆ’ ಎಂಬ ಸಾಲು ಎಲ್ಲೂ ಇಲ್ಲ. ಜನ ಮುಗಿಬಿದ್ದ ದಿನ, ಆ ಊರಲ್ಲೇ ಇದ್ದು ಆ ಒಂದೇ ದಾರಿಯನ್ನು ನೆಚ್ಚಿಕೊಂಡವರಿಗೆ ಒಂದಿಷ್ಟು ಜಾಗ ಎತ್ತಿಡಬೇಕೇ? ಎತ್ತಿಟ್ಟರೆ ಯಾರಿಗೆ, ಎಷ್ಟು ಹೊತ್ತಿನವರೆಗೆ? ಈ ಪ್ರಶ್ನೆಗೆ ಹೆಚ್ಚು ತಲೆ ಕೆಡಿಸಿಕೊಂಡವರು ದ್ವೀಪದ ಜನ. ಅವರಿಗೆ ಹಡಗು ತಪ್ಪಿದರೆ ನಡೆದು ಹೋಗುವ ಮಾತೂ ಇಲ್ಲ.

ಕೊಪ್ಪಳ ಜಿಲ್ಲೆಗೆ ಸಮುದ್ರವಿಲ್ಲ, ಆದರೆ ಗಡ್ಡೆಗಳ ಸಂಗತಿ ಇಲ್ಲಿಯವರಿಗೆ ಗೊತ್ತು. ಗಂಗಾವತಿ ತಾಲ್ಲೂಕಿನ ಆನೆಗುಂದಿ ಸೀಮೆಯಲ್ಲಿ ತುಂಗಭದ್ರೆ ಒಡೆದು ಹರಿಯುವಲ್ಲಿ ವಿರುಪಾಪುರ ಗಡ್ಡೆ ಇದೆ, ನವವೃಂದಾವನ ಗಡ್ಡೆ ಇದೆ. ಕುಷ್ಟಗಿಯಿಂದ ಆಚೆ ಲಿಂಗಸೂಗೂರು ತಾಲ್ಲೂಕಿಗೆ ಹೋದರೆ ಕೃಷ್ಣೆಯ ನಡುವೆ ಕರಕಲಗಡ್ಡಿ, ವೆಂಕಮ್ಮನಗಡ್ಡಿಗಳು. ಸುರಪುರದ ಕಡೆ ನೀಲಕಂಠರಾಯನಗಡ್ಡಿ. ನಾರಾಯಣಪುರದ ಬಸವಸಾಗರದಿಂದ ನೀರು ಬಿಟ್ಟರೆಂದರೆ ಕೃಷ್ಣೆಯ ಗಡ್ಡಿಗಳಲ್ಲಿ ಹರಿಗೋಲು ನಿಲ್ಲುತ್ತದೆ. ರೇಷನ್ನು, ಶಾಲೆ, ದವಾಖಾನೆ ಎಲ್ಲ ಆಚೆ ದಡದಲ್ಲಿ ಉಳಿಯುತ್ತವೆ. 2013ರ ಮಳೆಗಾಲದಲ್ಲಿ ನೀಲಕಂಠರಾಯನಗಡ್ಡಿಯ ತುಂಬು ಗರ್ಭಿಣಿಯೊಬ್ಬರು ಒಣಗಿದ ಸೋರೆ ಬುರುಡೆ ಕಟ್ಟಿಕೊಂಡು, ಮನೆಯವರ ಜೊತೆ ಈಜಿ ಹೊಳೆ ದಾಟಿದ ಸುದ್ದಿ ದೇಶದ ತುಂಬ ಓಡಾಡಿತು. ಅವರ ಸಾಹಸವನ್ನು ಎಲ್ಲರೂ ಹೊಗಳಿದರು. ದೋಣಿಯೇ ಇಲ್ಲದ ಕಡೆ ಮೊದಲ ಪಾಳಿ ಯಾರದು ಎಂಬ ಪ್ರಶ್ನೆ ಹುಟ್ಟುವುದೂ ಇಲ್ಲ. ಮೀಸಲಿನ ಮಾತು ಏನಿದ್ದರೂ ದೋಣಿ ಓಡುವ ಊರಿನದು.

ಆನೆಗುಂದಿ ಕಡೆ ದೋಣಿ ಓಡುತ್ತಿತ್ತು, ಜನವೂ ಬರುತ್ತಿದ್ದರು. ಬಿದಿರಿನ ದಬ್ಬೆ ಹೆಣೆದು, ಹಿಂದೆ ಚರ್ಮ, ಈಚೆಗೆ ಪ್ಲಾಸ್ಟಿಕ್ ಹೊದಿಸಿ ಡಾಂಬರು ಬಳಿದ ಹರಿಗೋಲಿನಲ್ಲಿ ಮೋಟರ್‌ಸೈಕಲ್ಲುಗಳನ್ನೂ ಎತ್ತಿ ಇಟ್ಟು, ಅವುಗಳ ಸಂದಿಯಲ್ಲಿ ಜನ ನಿಂತು ತಳವಾರಘಟ್ಟಕ್ಕೆ ದಾಟುತ್ತಿದ್ದುದನ್ನು ನೋಡಿದವರು ಇನ್ನೂ ಬಹಳ ಮಂದಿ ಇದ್ದಾರೆ. ಅಕ್ಟೋಬರಿನಿಂದ ಮಾರ್ಚಿನವರೆಗೆ ಹಂಪಿಯ ಪ್ರವಾಸಿಗರ ಕಾಲ. ಆ ಘಟ್ಟಗಳಲ್ಲಿ ಲಿಖಿತ ನಿಯಮಕ್ಕಿಂತ ಮುಖ ಪರಿಚಯ ದೊಡ್ಡದು. ಹಾಲಿನ ಕ್ಯಾನು ಹಿಡಿದವನು, ಶಾಲೆಯ ಮಕ್ಕಳು, ಸಂತೆಗೆ ಹೊರಟ ಮುದುಕಿ, ಇವರು ಯಾರೆಂದು ಅಂಬಿಗನಿಗೆ ಕಾರ್ಡು ನೋಡಿ ತಿಳಿಯಬೇಕಿಲ್ಲ. ಆದರೆ ಮುಖ ಪರಿಚಯದ ಮೀಸಲು ಅಂಬಿಗನ ಮರ್ಜಿ ಇರುವವರೆಗೆ ಮಾತ್ರ. ಊರವನ ಬಿಡಿ ಕಾಸಿಗಿಂತ ಪರದೇಶದವನ ನೋಟು ದೊಡ್ಡದಾದ ದಿನ ಆ ಮರ್ಜಿ ಎತ್ತ ವಾಲುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಸೇತುವೆಯಾದರೆ ಈ ತಕರಾರೇ ಇರುವುದಿಲ್ಲ ಎಂದು ಯಾರಿಗಾದರೂ ಅನಿಸುತ್ತದೆ. ಆನೆಗುಂದಿಯವರಿಗೂ ಅನಿಸಿತ್ತು. ಆದರೆ ಅಲ್ಲಿನ ಸೇತುವೆಯ ಕೆಲಸ ಹಂಪಿಯ ಪರಂಪರೆಗೆ ಧಕ್ಕೆ ತರುತ್ತದೆ ಎಂಬ ಕಾರಣಕ್ಕೆ ವರ್ಷಗಟ್ಟಲೆ ನಿಂತಿತು. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ್ದ ಹಂಪಿಯನ್ನು ಯುನೆಸ್ಕೊ 1999ರಲ್ಲಿ ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಹಾಕಿತು, 2006ರಲ್ಲಿ ತೆಗೆಯಿತು. ಕೆಲಸ ಮತ್ತೆ ನಡೆದು ಇನ್ನೇನು ಮುಗಿಯಿತು ಅನ್ನುವಾಗ, 2009ರ ಜನವರಿಯಲ್ಲಿ, ಸೇತುವೆ ಕುಸಿದು ಕೂಲಿಗಳು ಸತ್ತರು. ಹರಿಗೋಲು ಮತ್ತೆ ನೀರಿಗಿಳಿಯಿತು. ವಿರುಪಾಪುರ ಗಡ್ಡೆಯ ಕಥೆ ಬೇರೆಯೇ ದಿಕ್ಕು ಹಿಡಿಯಿತು. ಅಲ್ಲಿ ಊರವರಿಗಿಂತ ಅತಿಥಿಗಳೇ ಹೆಚ್ಚಾದರು. 2019ರ ಆಗಸ್ಟಿನಲ್ಲಿ ತುಂಗಭದ್ರಾ ಅಣೆಕಟ್ಟಿನಿಂದ ನೀರು ಬಿಟ್ಟಾಗ ನೂರಾರು ಪ್ರವಾಸಿಗರು ಗಡ್ಡೆಯಲ್ಲೇ ಸಿಕ್ಕಿಕೊಂಡು ಅವರನ್ನು ಹೊರತರಬೇಕಾಯಿತು. ಮರುವರ್ಷ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂತು, ಮಾರ್ಚಿನಲ್ಲಿ ರೆಸಾರ್ಟುಗಳು ನೆಲಸಮವಾದವು.

ಪಕ್ಕದ ನವವೃಂದಾವನದಲ್ಲಿ ಮಾತ್ರ ಹಂಚಿಕೆ ಲಿಖಿತವಾಗಿಯೇ ನಡೆದಿದೆ. ಅಲ್ಲಿ ವಾಸಿಸುವವರು ಯಾರೂ ಇಲ್ಲ. ಒಂಬತ್ತು ಯತಿಗಳ ವೃಂದಾವನಗಳಿವೆ. ಆರಾಧನೆಯ ದಿನ ಯಾರು ಮೊದಲು ಹೋಗಿ ಪೂಜೆ ಮಾಡಬೇಕು ಎಂದು ಎರಡು ಮಠಗಳ ನಡುವೆ ವ್ಯಾಜ್ಯ ಹುಟ್ಟಿ, ಹೊತ್ತು, ದಿನಗಳನ್ನು ಪಾಲು ಮಾಡಿಕೊಡುವ ಕೆಲಸ ನ್ಯಾಯಾಲಯದ ಪಾಲಿಗೆ ಬಂತು. ಜಾಗವನ್ನು ಹಿಗ್ಗಿಸಲು ಬಾರದಿದ್ದರೆ ಹೊತ್ತನ್ನು ಹಂಚು ಎಂಬ ಆ ಲೆಕ್ಕ ಮುಂದೆ ಕೆಲಸಕ್ಕೆ ಬರುತ್ತದೆ.

ಕರ್ನಾಟಕದಲ್ಲಿ ‘ಮೊದಲು ಊರವರನ್ನು ಬಿಡಿ’ ಎಂಬ ಕೂಗು ಬಹುಕಾಲ ಕೇಳಿದ್ದು ಸಾಗರ ತಾಲ್ಲೂಕಿನ ಶರಾವತಿ ಹಿನ್ನೀರಿನಲ್ಲಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಕರೂರು, ಬಾರಂಗಿ ಹೋಬಳಿಗಳು ತಾಲ್ಲೂಕು ಕೇಂದ್ರದಿಂದ ಕಡಿದುಹೋದವು. ರಾಜ್ಯಕ್ಕೆ ಬೆಳಕು ಕೊಡಲು ಮುಳುಗಿದ ಊರುಗಳ ಆಚೆ ಉಳಿದವರು ತುಮರಿ, ಬ್ಯಾಕೋಡಿನಿಂದ ಸಾಗರಕ್ಕೆ ಬರಬೇಕಾದರೆ ಒಂದೋ ಸುತ್ತು ಬಳಸಿ ಕಾಡು ರಸ್ತೆ ಹಿಡಿಯಬೇಕಿತ್ತು, ಇಲ್ಲವೇ ಹೊಳೆಬಾಗಿಲಿನಲ್ಲಿ ಲಾಂಚು ಹತ್ತಬೇಕಿತ್ತು. ಬಸ್ಸು, ಜೀಪು, ಅಡಿಕೆ ಚೀಲ, ಕಾಲೇಜು ಹುಡುಗಿಯರು, ಮದುವೆ ದಿಬ್ಬಣ, ಎಲ್ಲವೂ ಅದೇ ಲಾಂಚಿನಲ್ಲಿ. ಕತ್ತಲಾದ ಮೇಲೆ ಲಾಂಚಿರಲಿಲ್ಲ.

ಇಷ್ಟಕ್ಕೆ ಜನ ಹೊಂದಿಕೊಂಡಿದ್ದರು. ಆಮೇಲೆ ಹಿನ್ನೀರಿನಾಚೆಯ ಸಿಗಂದೂರು ಚೌಡೇಶ್ವರಿಯ ಹೆಸರು ನಾಡಿನ ತುಂಬ ಹಬ್ಬಿತು. ಶನಿವಾರ, ಭಾನುವಾರ, ಸಾಲು ರಜೆ ಬಂತೆಂದರೆ ಈಚೆಯ ಅಂಬಾರಗೋಡ್ಲು ದಡದಲ್ಲಿ ಕಾರುಗಳ ಸಾಲು. ಆ ಸಾಲಿನ ಹಿಂದೆ ತುಮರಿಯ ಯಾರದೋ ಜೀಪಿನಲ್ಲಿ ಆಸ್ಪತ್ರೆಯಿಂದ ಬಿಡುಗಡೆಯಾದ ಮುದುಕರು. ಬೇಸಿಗೆಯಲ್ಲಿ ನೀರಿಳಿದು ಲಾಂಚಿಗೆ ವಾಹನ ಹತ್ತಿಸುವುದನ್ನೇ ನಿಲ್ಲಿಸಿದರೆ ಇನ್ನೂ ಫಜೀತಿ. 2023ರ ಜೂನಿನಲ್ಲಿ ಮಳೆ ತಡವಾದಾಗ ಹಾಗೇ ಆಯಿತು. ಸ್ಥಳೀಯರಿಗೆ ಆದ್ಯತೆ ಕೊಡಿ ಎಂಬುದು ಅಲ್ಲಿ ಹಳೆಯ ಬೇಡಿಕೆ. ಆದರೆ ಬಾಯಿ ಮಾತಿನ ಆದ್ಯತೆ ರಶ್ಶಿನ ದಿನ ನಿಲ್ಲುವುದು ಕಷ್ಟ. ತಾಸುಗಟ್ಟಲೆ ಸಾಲಿನಲ್ಲಿ ನಿಂತ ಬೆಂಗಳೂರಿನ ಕುಟುಂಬಕ್ಕೆ, ಹಿಂದಿನಿಂದ ಬಂದ ಜೀಪು ಮುಂದೆ ಹೋದದ್ದು ಅನ್ಯಾಯವಾಗಿಯೇ ಕಾಣುತ್ತದೆ. ಜೀಪಿನವರ ಪಾಲಿಗೆ ಅದು ದಿನನಿತ್ಯದ ದಾರಿ, ಕಾರಿನವರ ಪಾಲಿಗೆ ವರ್ಷಕ್ಕೊಮ್ಮೆಯ ಯಾತ್ರೆ. ಇಬ್ಬರ ಅವಸರವನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕಾದವನು ಹಗ್ಗ ಹಿಡಿದು ನಿಂತ ಲಾಂಚಿನ ಸಿಬ್ಬಂದಿ. ಅವನಿಗೆ ಆ ಅಧಿಕಾರವನ್ನೂ ಯಾರೂ ಕೊಟ್ಟಿರಲಿಲ್ಲ, ಬೈಗುಳ ಮಾತ್ರ ಪೂರ್ತಿ ಅವನದೇ. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ನಡುವೆ 2.44 ಕಿಲೋಮೀಟರಿನ ಸೇತುವೆ ಉದ್ಘಾಟನೆಯಾಗಿ ಈ ವಾದ ಮುಗಿಯಿತು. ಅಣೆಕಟ್ಟಾಗಿ ಅರವತ್ತೊಂದು ವರ್ಷಕ್ಕೆ ಸೇತುವೆ. ನಡುವಿನ ಅಷ್ಟೂ ವರ್ಷ ಲಾಂಚಿನಲ್ಲಿ ಊರವರಿಗೆ ಒಂದು ಮೂಲೆ ಎತ್ತಿಡುವುದು ದೊಡ್ಡ ಖರ್ಚಿನ ಕೆಲಸವಾಗಿರಲಿಲ್ಲ.

ಕಡಲಿನಲ್ಲಿ ಲೆಕ್ಕ ಇನ್ನೂ ಬಿಗಿ. ಲಕ್ಷದ್ವೀಪದ ಅಮಿನಿದಿವಿ ದ್ವೀಪಗಳು 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಮಂಗಳೂರಿನ ಹಳೇ ಬಂದರಿನೊಂದಿಗೆ ಅಲ್ಲಿನವರ ವ್ಯಾಪಾರದ ನಂಟು ಇಂದಿಗೂ ಇದೆ. ಅಲ್ಲಿಗೆ ಹೊರಗಿನವರು ಹೋಗಲು ಪರವಾನಗಿ ಬೇಕು, ಹಾಗಾಗಿ ಹಡಗಿನ ಬಂಕು, ಕ್ಯಾಬಿನ್ನುಗಳಲ್ಲಿ ದ್ವೀಪದವರಿಗೆ ಮೊದಲ ಹಕ್ಕು ತಾನಾಗಿಯೇ ಸಿಗುತ್ತದೆ ಅಂದುಕೊಳ್ಳಬಹುದು. ಆದರೆ ಹಡಗೇ ಇಲ್ಲದಿದ್ದರೆ? 2021ರ ಡಿಸೆಂಬರಿನಲ್ಲಿ ಎಂ.ವಿ. ಕವರತ್ತಿ ಹಡಗಿನ ಎಂಜಿನ್ ಕೋಣೆಗೆ ಬೆಂಕಿ ಬಿತ್ತು. ಏಳುನೂರು ಮಂದಿ ಹಿಡಿಯುವ ದೊಡ್ಡ ಹಡಗು ಅದು. ಉಳಿದ ಹಡಗುಗಳೂ ಒಂದೊಂದಾಗಿ ದುರಸ್ತಿಗೆ ಹೋದಾಗ ಕೊಚ್ಚಿಯಲ್ಲಿ ಚಿಕಿತ್ಸೆ ಮುಗಿಸಿದವರು ಮರಳುವ ಟಿಕೆಟ್ಟಿಗಾಗಿ ಕಾಯುತ್ತ ಕೂರಬೇಕಾಯಿತು. ಅಂಡಮಾನಿನಲ್ಲಿ ಇನ್ನೊಂದು ಬಗೆ. ಅಲ್ಲಿನ ನಿವಾಸಿಗಳಿಗೆ ದ್ವೀಪವಾಸಿ ಗುರುತಿನ ಚೀಟಿ ಇದೆ. ಅದನ್ನು ತೋರಿಸಿದರೆ ಸರ್ಕಾರಿ ಹಡಗಿನ ದರ ಕಡಿಮೆ, ಚೀಟಿ ಇಲ್ಲದವರಿಗೆ ಹೆಚ್ಚು.

ಇಲ್ಲಿ ಒಂದು ಗೆರೆ ಎಳೆದುಕೊಂಡು ಮುಂದೆ ಹೋಗಬೇಕು. ದರದಲ್ಲಿ ರಿಯಾಯಿತಿ ಕೊಡುವುದು ಬೇರೆ, ಜಾಗ ಎತ್ತಿಡುವುದು ಬೇರೆ. ಸರ್ಕಾರಗಳಿಗೆ ಮೊದಲನೆಯದು ಇಷ್ಟ, ಏಕೆಂದರೆ ಅದನ್ನು ಘೋಷಿಸುವುದು ಸುಲಭ, ಫೋಟೋಕ್ಕೂ ಒಳ್ಳೆಯದು. ಸ್ಪೇನಿನಲ್ಲಿ ದ್ವೀಪವಾಸಿಗಳ ವಿಮಾನ ಟಿಕೆಟ್ಟಿಗೆ ಶೇ 75ರಷ್ಟು ರಿಯಾಯಿತಿ ಇದೆ. ರಿಯಾಯಿತಿ ಏರಿದ ಮೇಲೆ ವಿಮಾನ ಕಂಪನಿಗಳು ಮೂಲ ದರವನ್ನೇ ಏರಿಸಿದವು ಎಂಬ ದೂರೂ ಬೆನ್ನಿಗೇ ಬಂತು. ಸ್ಕಾಟ್ಲೆಂಡಿನ ಪಶ್ಚಿಮ ದ್ವೀಪಗಳಿಗೆ ಹೋಗುವ ಫೆರಿಗಳ ದರವನ್ನು ಅಷ್ಟೇ ದೂರದ ರಸ್ತೆ ಪ್ರಯಾಣದ ಖರ್ಚಿಗೆ ಸರಿಗಟ್ಟುವ ಪ್ರಯೋಗ 2008ರಲ್ಲಿ ಶುರುವಾಯಿತು, 2015ರ ಹೊತ್ತಿಗೆ ಆ ಜಾಲಕ್ಕೆಲ್ಲ ಹಬ್ಬಿತು. ದರ ಇಳಿದದ್ದು ದ್ವೀಪದವರಿಗೆ ಮಾತ್ರವಲ್ಲ, ಎಲ್ಲರಿಗೂ. ಕ್ಯಾಂಪರ್ ವ್ಯಾನುಗಳು ಸಾಲುಗಟ್ಟಿ ಬಂದವು. ಬೇಸಿಗೆಯಲ್ಲಿ ಊರವರ ಕಾರಿಗೆ ಹಡಗಿನಲ್ಲಿ ಜಾಗವೇ ಸಿಗದಂತಾಯಿತು. ಟಿಕೆಟ್ಟು ಅಗ್ಗ, ಆದರೆ ಸಿಗುವುದಿಲ್ಲ.

ನಮಗೆ ಇದನ್ನು ಅರ್ಥ ಮಾಡಿಕೊಳ್ಳಲು ಸ್ಕಾಟ್ಲೆಂಡಿಗೆ ಹೋಗಬೇಕಿಲ್ಲ. ಶಕ್ತಿ ಯೋಜನೆಯ ಉಚಿತ ಟಿಕೆಟ್ಟು ಕುಷ್ಟಗಿಯ ಕೂಲಿ ಹೆಂಗಸಿಗೆ ನಿಜವಾದ ಉಪಕಾರ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ಕೆಂಪು ಬಸ್ಸಿಗೆ. ಸ್ಲೀಪರಿಗೆ, ಎಸಿ ಬಸ್ಸಿಗೆ ಇಲ್ಲ. ಹಬ್ಬದ ರಾತ್ರಿ ಆ ಕೆಂಪು ಬಸ್ಸಿನಲ್ಲಿ ನಿಲ್ಲಲೂ ಜಾಗವಿರುವುದಿಲ್ಲ. ಕ್ಯಾನ್ಸರ್ ರೋಗಿಗೆ ರೈಲಿನ ಸ್ಲೀಪರ್ ದರ್ಜೆಯಲ್ಲಿ ಪೂರ್ತಿ ರಿಯಾಯಿತಿ ಇದೆ. ಯಲಬುರ್ಗಾದ ರೋಗಿಯೊಬ್ಬರಿಗೆ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಲ್ಲಿ ಬರುವ ವಾರ ಬನ್ನಿ ಎಂದರೆ, ಆ ರಿಯಾಯಿತಿಯ ಕಾಗದ ಬರ್ತನ್ನು ತಾನಾಗಿ ತಂದುಕೊಡುವುದಿಲ್ಲ. ಮಲಗಿ ಹೋಗಬೇಕಾದ ಮನುಷ್ಯ ಕೂತು ಹೋಗುತ್ತಾನೆ.

ಸ್ಕಾಟ್ಲೆಂಡಿನ ಉತ್ತರಕ್ಕೆ ಶೆಟ್ಲೆಂಡ್ ದ್ವೀಪಗಳಿವೆ. ಅಬರ್ಡೀನಿನಿಂದ ಅಲ್ಲಿನ ಲರ್ವಿಕ್‌ಗೆ ಹಡಗು ಸಂಜೆ ಹೊರಟರೆ ಮುಟ್ಟುವುದು ಮರುದಿನ ಬೆಳಗ್ಗೆ, ಹನ್ನೆರಡು ತಾಸಿನ ಮೇಲೆ. ಕೊಪ್ಪಳದಿಂದ ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿ ಕಳೆದು ಬೆಂಗಳೂರು ಮುಟ್ಟಿದವರಿಗೆ ಆ ರಾತ್ರಿಯ ಉದ್ದ ಗೊತ್ತಾಗುತ್ತದೆ. ಶೆಟ್ಲೆಂಡಿನವರ ಕಡಲು ಮಾತ್ರ ಇನ್ನಷ್ಟು ಎತ್ತಿ ಹಾಕುತ್ತದೆ. ಬೇಸಿಗೆ ಬಂತೆಂದರೆ ಅಲ್ಲಿನ ಕ್ಯಾಬಿನ್ನುಗಳನ್ನು ಪ್ರವಾಸಿಗರು ತಿಂಗಳುಗಳ ಮೊದಲೇ ಹಿಡಿದಿರುತ್ತಾರೆ. ಅಬರ್ಡೀನಿನ ಆಸ್ಪತ್ರೆಗೆ ಹೋಗಬೇಕಾದ ಲರ್ವಿಕ್‌ನ ಅಜ್ಜಿಗೆ ಉಳಿಯುವುದು ಒರಗು ಕುರ್ಚಿ. ದ್ವೀಪವಾಸಿಗಳಿಗೆ ದರದಲ್ಲಿ ರಿಯಾಯಿತಿ ಅಲ್ಲೂ ಇದೆ. ಆದರೆ ಹಬ್ಬ, ರಜೆಗಳ ಕಾಲದಲ್ಲಿ ಕೆಲವು ಕ್ಯಾಬಿನ್ನುಗಳನ್ನೇ ದ್ವೀಪದವರಿಗೆ ಎತ್ತಿಡಬೇಕೆಂಬ ಮಾತು ಹುಟ್ಟುವುದು ಇಂಥ ಕಡೆಯೇ. ಪಶ್ಚಿಮದ ಮಲ್, ಕೋಲ್, ಟೈರಿ ದ್ವೀಪಗಳ ಫೆರಿಗಳಲ್ಲಿ ಈಚಿನ ವರ್ಷಗಳಲ್ಲಿ ಇದಕ್ಕೆ ಹತ್ತಿರದ ಪ್ರಯೋಗವೊಂದು ನಡೆದಿದೆ. ಹಡಗಿನ ಡೆಕ್ಕಿನಲ್ಲಿ ಒಂದಿಷ್ಟು ಜಾಗವನ್ನು ದ್ವೀಪದವರ ವಾಹನಕ್ಕೆಂದು ಹಿಡಿದಿಟ್ಟು, ಹೊರಡುವ ದಿನ ಹತ್ತಿರವಾದಾಗಲೂ ಯಾರೂ ಕೇಳದಿದ್ದರೆ ಎಲ್ಲರಿಗೂ ಬಿಟ್ಟುಕೊಡುವುದು. ಇಷ್ಟೇ. ಇದರಲ್ಲಿ ಹಡಗಿನ ಕಂಪನಿಗೆ ಖಾಲಿ ಜಾಗದ ಭಯವಿಲ್ಲ, ಪ್ರವಾಸಿಗನಿಗೂ ಬಾಗಿಲು ಪೂರ್ತಿ ಮುಚ್ಚುವುದಿಲ್ಲ.

ಈ ಪ್ರಯೋಗದಲ್ಲಿ ನನಗೆ ಮುಖ್ಯ ಅನಿಸುವುದು ಜಾಗವಲ್ಲ, ಹೊತ್ತು. ‘ಮೊದಲು ಬಂದವರಿಗೆ ಮೊದಲು’ ಎಂಬುದನ್ನು ನಾವು ನ್ಯಾಯದ ತುತ್ತತುದಿ ಎಂದುಕೊಂಡಿದ್ದೇವೆ. ಬಾವಿ ಕಟ್ಟೆಯ ಮೇಲೆ, ರೇಷನ್ ಅಂಗಡಿಯ ಮುಂದೆ ಅದು ನ್ಯಾಯವೇ. ಆದರೆ ಬುಕ್ಕಿಂಗು ತಿಂಗಳುಗಳ ಮೊದಲು ತೆರೆದರೆ ‘ಮೊದಲು ಬರುವುದು’ ಯಾರಿಗೆ ಸಾಧ್ಯ? ಯಾರಿಗೆ ತನ್ನ ಪ್ರಯಾಣ ಮೊದಲೇ ಗೊತ್ತೋ ಅವರಿಗೆ. ಪ್ರವಾಸಿಗನಿಗೆ ಗೊತ್ತು, ಏಕೆಂದರೆ ಅವನು ರಜೆ ಹಾಕಿ ಹೊರಟವನು. ತಿಂಗಳ ಸಂಬಳದವನಿಗೆ ಗೊತ್ತು. ಊರಿನಲ್ಲಿ ಇದ್ದು ಬದುಕುವವನ ಪ್ರಯಾಣ ಹಾಗಲ್ಲ. ಹೆರಿಗೆ, ಸಾವು, ಕೋರ್ಟಿನ ವಾಯಿದೆ, ದವಾಖಾನೆಯ ಚೀಟಿ ಇವು ಯಾವುವೂ ಎರಡು ತಿಂಗಳ ಮೊದಲು ಹೇಳಿ ಬರುವುದಿಲ್ಲ. ಮಂಗಳೂರಿನಲ್ಲಿ ಗಾರೆ ಕೆಲಸ ಮಾಡುವ ಯಲಬುರ್ಗಾದ ಹುಡುಗನಿಗೆ ಹಬ್ಬಕ್ಕೆ ರಜೆ ಉಂಟೋ ಇಲ್ಲವೋ ಎಂದು ಮೇಸ್ತ್ರಿ ಹೇಳುವುದು ಹಿಂದಿನ ದಿನ, ಬಟವಾಡೆ ಆದ ಮೇಲೆ. ಆದ್ದರಿಂದ ಇದು ಊರವರು ಮತ್ತು ಹೊರಗಿನವರ ಜಗಳ ಎನ್ನುವುದಕ್ಕಿಂತ, ಬೇಗ ತಿಳಿದವರು ಮತ್ತು ತಡವಾಗಿ ತಿಳಿದವರ ನಡುವಿನದು. ದ್ವೀಪದಲ್ಲಿ ಈ ಎರಡೂ ಒಂದರ ಮೇಲೊಂದು ಕೂತುಬಿಡುತ್ತವೆ, ಹಾಗಾಗಿ ಒಂದೇ ಎನಿಸುತ್ತದೆ.

ರೈಲ್ವೆಗೆ ಇದು ಗೊತ್ತಿಲ್ಲದ್ದಲ್ಲ. 2024ರ ನವೆಂಬರ್ 1ರಿಂದ ಮುಂಗಡ ಬುಕ್ಕಿಂಗಿನ ಅವಧಿಯನ್ನು 120 ದಿನದಿಂದ 60 ದಿನಕ್ಕೆ ಇಳಿಸಿದರು. ತತ್ಕಾಲ್ ಇರುವುದೂ ತಡವಾಗಿ ತಿಳಿದವರಿಗಾಗಿಯೇ: ರೈಲು ಹೊರಡುವ ಹಿಂದಿನ ದಿನ ಎಸಿಗೆ ಬೆಳಗ್ಗೆ ಹತ್ತಕ್ಕೆ, ಸ್ಲೀಪರಿಗೆ ಹನ್ನೊಂದಕ್ಕೆ. ಆದರೆ ಅದಕ್ಕೆ ಹೆಚ್ಚು ದುಡ್ಡು, ಪ್ರೀಮಿಯಂ ತತ್ಕಾಲಾದರೆ ಬೇಡಿಕೆ ಏರಿದಂತೆ ಇನ್ನೂ ಹೆಚ್ಚು. ತಡವಾಗಿ ತಿಳಿದದ್ದೇ ತಪ್ಪೆಂಬಂತೆ ದಂಡ. ಹನ್ನೊಂದು ಹೊಡೆದು ಎರಡು ನಿಮಿಷಕ್ಕೆ ಖಾಲಿಯಾಗುವ ಆ ಕಿಟಕಿಯಲ್ಲಿ ಏಜೆಂಟರ ಕೈ ಉದ್ದ ಎಂಬ ದೂರಿಗೆ ಉತ್ತರವಾಗಿ, 2025ರ ಜುಲೈಯಿಂದ ಆನ್‌ಲೈನ್ ತತ್ಕಾಲಿಗೆ ಆಧಾರ್ ಕಡ್ಡಾಯವಾಯಿತು, ಮೊದಲ ಅರ್ಧ ತಾಸು ಏಜೆಂಟರಿಗೆ ಬಾಗಿಲು ಮುಚ್ಚಿತು. ಇದಲ್ಲದೆ ತುರ್ತು ಕೋಟಾ ಇದೆ. ಕೊನೆ ಗಳಿಗೆಯವರೆಗೆ ಕೆಲವು ಬರ್ತುಗಳನ್ನು ರೈಲ್ವೆ ಹಿಡಿದಿಟ್ಟುಕೊಂಡೇ ಇರುತ್ತದೆ. ಎಂದರೆ ನಾವು ಕೇಳುತ್ತಿರುವ ವಸ್ತು ಆಗಲೇ ಇದೆ. ಅದರ ಬಾಗಿಲು ಮಾತ್ರ ಜನಪ್ರತಿನಿಧಿಗಳ, ಅಧಿಕಾರಿಗಳ ಲೆಟರ್‌ಹೆಡ್ಡಿನ ಕಡೆಗಿದೆ. ಸಂಸದರ ಕಚೇರಿಯಲ್ಲಿ ಪರಿಚಯ ಇದ್ದವನ ತುರ್ತು ತುರ್ತಾಗುತ್ತದೆ. ಉಳಿದವರದು ವೇಟಿಂಗ್ ಲಿಸ್ಟು.

ನಡುವಿನ ನಿಲ್ದಾಣಗಳ ಕೋಟಾ ಎಂಬ ಇನ್ನೊಂದು ಏರ್ಪಾಡಿದೆ. ರೈಲಿನ ಬಹುಪಾಲು ಬರ್ತು ಹೊರಡುವ ಊರಿನಿಂದ ಹೋಗುವವರಿಗೆ, ಸ್ವಲ್ಪ ಭಾಗ ದಾರಿಯ ಕೆಲವು ನಿಲ್ದಾಣಗಳಿಗೆ. ಇದು ಊರಿಗೆ ಕೊಟ್ಟ ಮೀಸಲು, ಮನುಷ್ಯನಿಗಲ್ಲ. ನೀವು ಎಲ್ಲಿಯವರು ಎಂದು ಯಾರೂ ಕೇಳುವುದಿಲ್ಲ, ಎಲ್ಲಿ ಹತ್ತುತ್ತೀರಿ ಎಂದಷ್ಟೇ ನೋಡುತ್ತಾರೆ. ಈ ಗುಣ ನನಗೆ ಹಿಡಿಸುತ್ತದೆ. ಈ ಭಾಗಕ್ಕೆ ರೈಲಿನ ನಕ್ಷೆಯೂ ಬದಲಾಗುತ್ತಿದೆ. ಗಿಣಿಗೇರಾ–ಮೆಹಬೂಬ್‌ನಗರ ಮಾರ್ಗದಿಂದ ಗಂಗಾವತಿಗೆ ರೈಲು ಬಂತು, ಈಗ ಸಿಂಧನೂರಿನವರೆಗೆ ಹೋಗುತ್ತದೆ. ಗದಗ–ವಾಡಿ ಮಾರ್ಗದಲ್ಲಿ ತಳಕಲ್‌ನಿಂದ ಯಲಬುರ್ಗಾ ಸೀಮೆ ಹಾದು ಕುಷ್ಟಗಿಯವರೆಗಿನ ತುಂಡು 2025ರ ಮೇ ತಿಂಗಳಲ್ಲಿ ತೆರೆದು ಹುಬ್ಬಳ್ಳಿಗೆ ಗಾಡಿ ಓಡತೊಡಗಿತು. ಮುಂದೆ ಈ ನಿಲ್ದಾಣಗಳಿಂದ ರಾತ್ರಿ ಗಾಡಿಗಳು ಓಡುವ ದಿನ ಕೋಟಾ ಎಷ್ಟು ಎಂದು ಕೇಳುವುದನ್ನು ಈಗಲೇ ಕಲಿಯಬೇಕು. ಸ್ಟೇಷನ್ ಕಟ್ಟಡಕ್ಕೆ ಯಾರ ಹೆಸರಿಡಬೇಕು ಎಂಬ ಗದ್ದಲದಲ್ಲಿ ಇಂಥ ಪ್ರಶ್ನೆಗಳು ಸಾಮಾನ್ಯವಾಗಿ ಕಳೆದುಹೋಗುತ್ತವೆ.

ಮನುಷ್ಯನ ಗುರುತು ನೋಡಿ ಮೀಸಲು ಕೊಡಹೊರಟರೆ ತೊಡಕು ಅಲ್ಲಿಂದಲೇ ಶುರು. ಸ್ಥಳೀಯ ಎಂದರೆ ಯಾರು ಎಂಬುದಕ್ಕೆ ಕಲ್ಯಾಣ ಕರ್ನಾಟಕದವರಿಗೆ ಕಾಗದದ ಅನುಭವ ಚೆನ್ನಾಗಿಯೇ ಇದೆ. ನೌಕರಿ ಮೀಸಲಿನ 371 ಜೆ ಪ್ರಮಾಣಪತ್ರಕ್ಕೆ ಹುಟ್ಟು, ಇಲ್ಲವೇ ಹತ್ತು ವರ್ಷದ ವಾಸ ತೋರಿಸಲು ತಹಶೀಲ್ದಾರ್ ಕಚೇರಿಗೆ ಅಲೆದವರು ಮನೆಗೊಬ್ಬರಿದ್ದಾರೆ. ನೌಕರಿ ಜೀವಮಾನದ ಮಾತು, ಅಲ್ಲಿ ಅಷ್ಟು ತಪಾಸಣೆ ಇರಲಿ. ಒಂದು ರಾತ್ರಿಯ ಸೀಟಿಗೂ ಅದೇ ಪಾಡಾದರೆ? ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಕುಷ್ಟಗಿ, ಯಲಬುರ್ಗಾದಿಂದ ಬೆಂಗಳೂರು, ಮಂಗಳೂರು, ಉಡುಪಿ, ಗೋವೆಗೆ ದುಡಿಯಲು ಹೋದವರು ಎಷ್ಟು ಎಂಬುದು 2020ರ ಲಾಕ್‌ಡೌನಿನಲ್ಲಿ ಇಡೀ ರಾಜ್ಯದ ಕಣ್ಣಿಗೆ ಬಿತ್ತು. ಅವರಲ್ಲಿ ಅನೇಕರ ಆಧಾರ್ ವಿಳಾಸ ಈಗ ಪೀಣ್ಯದ್ದು, ಸುರತ್ಕಲ್ಲಿನದು. ಹೊಲ, ಮನೆ, ತಾಯಿ, ಕುಲದೈವ ಮಾತ್ರ ಇಲ್ಲಿ. ಗವಿಮಠದ ತೇರಿಗೆ, ಹುಲಿಗೆಮ್ಮನ ಹುಣ್ಣಿಮೆಗೆ, ಚುನಾವಣೆಯ ಮತಕ್ಕೆ ಅವರು ಬಂದೇ ಬರುತ್ತಾರೆ. ವಿಳಾಸ ನೋಡಿ ಸೀಟು ಕೊಟ್ಟರೆ ಇವರು ಹೊರಗಿನವರು. ದ್ವೀಪಗಳಲ್ಲೂ ಇದೇ ಗೋಳು: ಹೊರಗೆ ಓದಲು ಹೋದ ಮಗಳು ದ್ವೀಪವಾಸಿಯೋ ಅಲ್ಲವೋ? ಬೇಸಿಗೆ ಮನೆ ಕೊಂಡ ಶ್ರೀಮಂತ ದ್ವೀಪವಾಸಿ ಹೌದೋ? ಕಾರ್ಡು ಎರಡನೆಯವನ ಕೈಗೆ ಸುಲಭವಾಗಿ ಸಿಗುತ್ತದೆ.

ಎತ್ತಿಟ್ಟ ಸೀಟು ಖಾಲಿ ಹೋದರೆ ನಷ್ಟ ಯಾರದು ಎಂದು ಸಾರಿಗೆ ಸಂಸ್ಥೆಯವರು ಕೇಳುತ್ತಾರೆ. ಹಬ್ಬದ ರಾತ್ರಿ ಕುಷ್ಟಗಿಯಿಂದ ಹೊರಟ ಬೆಂಗಳೂರು ಬಸ್ಸಿನಲ್ಲಿ ಒಂದು ಸೀಟಾದರೂ ಖಾಲಿ ಹೋದೀತೆ? ಆ ಭಯ ರಶ್ಶಿಲ್ಲದ ದಿನಗಳದು; ಆ ದಿನಗಳಲ್ಲಿ ಮೀಸಲೂ ಬೇಕಿಲ್ಲ. ಪ್ರಭಾವಿಗಳು ಅದನ್ನೂ ನುಂಗುತ್ತಾರೆ ಎಂಬ ಆಕ್ಷೇಪಣೆ ಹೆಚ್ಚು ಗಟ್ಟಿ. ನುಂಗಲು ಅನುಕೂಲವಾಗುವುದು ಪತ್ರ, ಕಾರ್ಡು, ಶಿಫಾರಸು ಇದ್ದಾಗ.

ಅವು ಯಾವುವೂ ಬೇಡದ ದಾರಿ ಒಂದಿದೆ. ಹಬ್ಬದ ನಾಲ್ಕು ದಿನ ಕುಷ್ಟಗಿ, ಯಲಬುರ್ಗಾ, ಗಂಗಾವತಿ, ಕೊಪ್ಪಳದಿಂದ ಹೊರಡುವ ಪ್ರತಿ ರಾತ್ರಿ ಬಸ್ಸಿನಲ್ಲಿ ಐದಾರು ಸೀಟುಗಳನ್ನು ಆನ್‌ಲೈನಿಗೆ ಬಿಡದೆ ಹಿಡಿದಿಡಬೇಕು. ಅದೇ ದಿನ ಬೆಳಗ್ಗೆ, ನಿಲ್ದಾಣದ ಕೌಂಟರಿನಲ್ಲಿ ಮಾತ್ರ, ಎದುರು ಬಂದು ನಿಂತವರಿಗೆ ಮಾಮೂಲಿ ದರದಲ್ಲೇ ಮಾರಬೇಕು, ಒಬ್ಬರಿಗೆ ಎರಡಕ್ಕಿಂತ ಹೆಚ್ಚಿಲ್ಲ. ಹೊರಡಲು ಎರಡು ತಾಸು ಇರುವಾಗಲೂ ಉಳಿದರೆ ಎಲ್ಲರಿಗೂ ಬಿಡಬೇಕು. ಅಲ್ಲಿ ಬಂದು ನಿಂತದ್ದೇ ಗುರುತಿನ ಚೀಟಿ. ಹಳ್ಳಿಯಿಂದ ಟಂಟಂ ಹತ್ತಿ ಬಂದವನಿಗೆ ಅದು ಸಾಧ್ಯ, ಬೆಂಗಳೂರಿನಲ್ಲಿ ಕೂತು ಕಂಪ್ಯೂಟರ್ ಒತ್ತುವ ಏಜೆಂಟನಿಗೆ ಕಷ್ಟ. ಅವನು ಊರಲ್ಲೊಬ್ಬ ಹುಡುಗನನ್ನು ಸಾಲಿನಲ್ಲಿ ನಿಲ್ಲಿಸಬಹುದು, ನಿಜ. ಎರಡು ಟಿಕೆಟ್ಟಿಗೆ ಬೆಳಗಿನಿಂದ ನಿಂತವನ ಕೂಲಿ ಕೊಟ್ಟರೆ ಅವನಿಗೆ ಗಿಟ್ಟುವುದು ಅಷ್ಟಕ್ಕಷ್ಟೆ. ರೋಗಿಗಳ ಮಾತು ಬೇರೆ. ಅವರನ್ನು ಸಾಲಿನಲ್ಲಿ ನಿಲ್ಲಿಸಬಾರದು. ಜಿಲ್ಲಾ ಆಸ್ಪತ್ರೆ ಮುಂದಿನ ಆಸ್ಪತ್ರೆಗೆ ಬರೆದುಕೊಟ್ಟ ಚೀಟಿಯನ್ನೇ ಲೆಟರ್‌ಹೆಡ್ಡಿನ ಬದಲು ತುರ್ತು ಕೋಟಾಕ್ಕೆ ಒಪ್ಪಿಕೊಳ್ಳುವಂತಾದರೆ ಸಂಸದರ ಕಚೇರಿಗೂ ಅರ್ಧ ಕೆಲಸ ಉಳಿಯುತ್ತದೆ.

ಇದೆಲ್ಲ ಊರಿನಿಂದ ಹೊರಡುವವರಿಗೆ ಆಯಿತು. ಹಬ್ಬಕ್ಕೆ ಊರಿಗೆ ಬರುವವರಿಗೆ ಈ ಉಪಾಯ ನಡೆಯುವುದಿಲ್ಲ. ಮೆಜೆಸ್ಟಿಕ್ಕಿನ ಕೌಂಟರಿನ ಮುಂದೆ ಇಡೀ ರಾಜ್ಯವೇ ನಿಂತಿರುತ್ತದೆ, ಅಲ್ಲಿ ಎಲ್ಲರೂ ತಡವಾಗಿ ತಿಳಿದವರೇ. ಅಲ್ಲಿಗೆ ಬೇಕಾದದ್ದು ಹೆಚ್ಚುವರಿ ಬಸ್ಸು. ಸಾರಿಗೆ ಸಂಸ್ಥೆಗಳು ಪ್ರತಿ ದಸರೆ, ದೀಪಾವಳಿಗೆ ವಿಶೇಷ ಬಸ್ಸುಗಳನ್ನು ಬಿಡುತ್ತವೆ, ನಾಲ್ಕು ಜನ ಒಟ್ಟಿಗೆ ಬುಕ್ ಮಾಡಿದರೆ ಶೇ 5, ಹೋಗಿ ಬರುವ ಎರಡೂ ಟಿಕೆಟ್ಟು ಒಮ್ಮೆಗೇ ತೆಗೆದರೆ ಮರಳುವ ಟಿಕೆಟ್ಟಿಗೆ ಶೇ 10 ರಿಯಾಯಿತಿ ಎಂದು ಪ್ರಕಟಣೆ ಕೊಡುತ್ತವೆ. ಆ ರಿಯಾಯಿತಿಯೂ ಮೊದಲೇ ಗೊತ್ತಿದ್ದವರಿಗೇ. ಖಾಸಗಿ ಬಸ್ಸಿನವರು ಅದೇ ವಾರ ದರವನ್ನು ಎರಡು ಮೂರು ಪಟ್ಟು ಏರಿಸುತ್ತಾರೆ. ಸಾರಿಗೆ ಇಲಾಖೆ ಎಚ್ಚರಿಕೆ ಕೊಡುತ್ತದೆ, ಒಂದೆರಡು ದಿನ ತಪಾಸಣೆ ನಡೆಯುತ್ತದೆ, ಹಬ್ಬ ಮುಗಿಯುತ್ತದೆ. ಆ ದರಕ್ಕೆ ಒಂದು ಗರಿಷ್ಠ ಮಿತಿ ಗೊತ್ತುಮಾಡಿ, ಟಿಕೆಟ್ಟಿನ ಮೇಲೆಯೇ ಅದನ್ನು ಅಚ್ಚು ಹಾಕಿಸದೆ ಮೇಸ್ತ್ರಿಯ ಕೈಯಿಂದ ಹಿಂದಿನ ದಿನ ಬಟವಾಡೆ ಪಡೆದ ಹುಡುಗ ತನ್ನ ವಾರದ ದುಡಿಮೆಯಲ್ಲಿ ಯಲಬುರ್ಗಾ ಮುಟ್ಟಲಾರ.